ಗೆದ್ದವರ ಲೆಕ್ಕ, ಸೋತವರ ಹಕ್ಕು

ಚಾಮರಾಜನಗರದ ಕಡೆಯವರ ಮುಂದೆ "ಒಂದು ವೋಟಿಂದ ಏನ್ ಮಹಾ ಆಗುತ್ತೆ" ಅಂತ ಯಾರೂ ಹೇಳೋಕೆ ಹೋಗಬಾರದು. 2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಂದ ಮತ 40,752. ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದ ಮತ 40,751. ಒಂದೇ ಒಂದು ಮತದ ಅಂತರ. ಈಗ ಆ ಕ್ಷೇತ್ರವೇ ಇಲ್ಲ, 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹೋಯಿತು. ಕಥೆ ಮಾತ್ರ ಉಳಿದಿದೆ. ಪ್ರತಿ ಚುನಾವಣೆಗೂ ಟಿವಿಯವರು ಇದನ್ನು ಎತ್ತಿ ಹೇಳುತ್ತಾರೆ: ನೋಡಿ, ನಿಮ್ಮ ಒಂದು ಮತ ಎಷ್ಟು ಅಮೂಲ್ಯ!

ಅದು ಸರಿ. ಆದರೆ ಇದೇ ಕಥೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಒಂದು ಮತ ಅಷ್ಟು ಅಮೂಲ್ಯವಾದರೆ ಉಳಿದ 40,751 ಮತಗಳು ಎಲ್ಲಿಗೆ ಹೋದವು? ಗೆದ್ದವರಿಗೆ ಪೂರ್ತಿ ಸೀಟು, ಸೋತವರಿಗೆ ಪೂರ್ತಿ ಸೊನ್ನೆ. ಸಿಗ್ನಲ್ ಪ್ರೊಸೆಸಿಂಗ್ ಓದಿದವರಿಗೆ ಇದು ಗೊತ್ತಿರೋ ವಿಷಯ. 0.49 ಬಂದರೂ ಸೊನ್ನೆ, 0.51 ಬಂದರೆ ಒಂದು. ಇದಕ್ಕೆ ನಾವು ಕ್ವಾಂಟೈಸೇಶನ್ ಎರರ್ ಅಂತೀವಿ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೀತೀವಿ. ಚುನಾವಣೆಯಲ್ಲಿ ಅದೇ ಎರರ್ ಅನ್ನು "ಜನಾದೇಶ" ಅಂತ ಕರೀತೀವಿ.

ಈ ಲೇಖನಕ್ಕೆ ಕಾರಣ ನಮ್ಮ ಕ್ಯಾಂಟೀನ್ ಹಿಂದಿನ ಕಲ್ಲುಬೆಂಚು. ಅಲ್ಲಿ ಸಂಜೆ ಹೊತ್ತು ಸೇರೋ ನಾಲ್ಕು ಜನರಲ್ಲಿ ನಾಲ್ವರೂ ಎಡಕ್ಕೆ ವಾಲಿದವರೇ. ಹಾಗಂತ ಒಬ್ಬರ ಮಾತು ಇನ್ನೊಬ್ಬರು ಒಪ್ಪಿದ್ದು ನಾನು ನೋಡಿಲ್ಲ. ಕಲಬುರಗಿಯ ಗೆಳತಿಯೊಬ್ಬಳು, ಸಿವಿಲ್ ಬ್ರಾಂಚು, ಲೆಕ್ಕ ಇಲ್ಲದೆ ಮಾತಾಡಲ್ಲ. ಕಾಸರಗೋಡಿನ ಸೀನಿಯರ್ ಒಬ್ಬರು, ಮನೆಯಲ್ಲಿ ಮೂರು ತಲೆಮಾರಿಂದ ಕೆಂಪು ಬಾವುಟ. ಮೆಕ್ಯಾನಿಕಲ್‌ನ ಗೆಳೆಯ, ಯಾವ ಮಾತು ತೆಗೆದರೂ "ವರ್ಗ" ಅಂತಲೇ ಶುರು ಮಾಡೋನು. ಮತ್ತೆ ನಾನು. 2024ರಲ್ಲಿ ನಾವೆಲ್ಲ ಮೊದಲ ಸಲ ಲೋಕಸಭೆಗೆ ಮತ ಹಾಕಿ ಬಂದ ಮೇಲೆ ಈ ಜಗಳ ಜೋರಾಯಿತು. ಪ್ರಶ್ನೆ ಇಷ್ಟೇ: ಅಲ್ಪಸಂಖ್ಯಾತರನ್ನ, ದಲಿತರನ್ನ, ಕಡಿಮೆ ಸಂಖ್ಯೆಯಲ್ಲಿರೋ ಯಾರನ್ನೇ ಆಗಲಿ, ಕಾಯೋದು ಯಾವುದು? ಮತ ಎಣಿಸೋ ಪದ್ಧತಿ ಬದಲಾಯಿಸೋದೋ, ಸಂವಿಧಾನದ ಹಕ್ಕನ್ನ ಗಟ್ಟಿ ಮಾಡೋದೋ?

ಸಿವಿಲ್ ಗೆಳತಿ ಮೊದಲು ಎಣಿಕೆಯ ಕಡೆ ನಿಂತಳು. 2018ರ ನಮ್ಮ ವಿಧಾನಸಭೆ ಫಲಿತಾಂಶ ತೆಗೆದಳು. ಕಾಂಗ್ರೆಸ್‌ಗೆ ಸುಮಾರು ಶೇ. 38 ಮತ, ಬಿಜೆಪಿಗೆ ಶೇ. 36, ಜೆಡಿಎಸ್‌ಗೆ ಶೇ. 18. ಅವತ್ತು ಮತದಾನ ನಡೆದ 222 ಸ್ಥಾನಗಳನ್ನು ಮತದ ಪ್ರಮಾಣದಲ್ಲೇ ಹಂಚಿದ್ದರೆ 84, 80, 40ರ ಆಸುಪಾಸು ಬರಬೇಕಿತ್ತು. ಬಂದಿದ್ದು 78, 104, 37. ಹೆಚ್ಚು ಮತ ತಗೊಂಡವರು ಎರಡನೇ ಸ್ಥಾನಕ್ಕೆ ಹೋದರು. "ಇದು ಯಾವ ಪಕ್ಷದ ಪರ ಅಲ್ಲ" ಅಂತ ಅವಳೇ ಸೇರಿಸಿದಳು. 2013ರಲ್ಲಿ ಕಾಂಗ್ರೆಸ್ ಶೇ. 37ರ ಹತ್ತಿರ ಮತ ಪಡೆದು 122 ಸೀಟು ತಗೊಂಡಿತ್ತು. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು ಮತಕ್ಕೆ ಅರ್ಧಕ್ಕಿಂತ ಹೆಚ್ಚು ಅಧಿಕಾರ. ಯಾರಿಗೆ ಲಾಭ ಅನ್ನೋದು ಪ್ರತಿ ಸಲ ಬದಲಾಗುತ್ತೆ, ಯಾರಿಗೆ ನಷ್ಟ ಅನ್ನೋದು ಅಷ್ಟು ಸುಲಭಕ್ಕೆ ಬದಲಾಗಲ್ಲ.

ಅವಳ ಮಾತಿನ ಬಿಸಿ ಬೇರೆ ಕಡೆ ಇತ್ತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರು ಸುಮಾರು ಶೇ. 13. 2004ರಲ್ಲಿ ಅವಳ ಊರಿನ ಗುಲ್ಬರ್ಗಾ ಕ್ಷೇತ್ರದಿಂದ ಒಬ್ಬರು ಗೆದ್ದದ್ದೇ ಕೊನೆ. 2009, 2014, 2019, 2024, ಈ ನಾಲ್ಕು ಲೋಕಸಭಾ ಚುನಾವಣೆಗಳಲ್ಲಿ 28 ಸ್ಥಾನಗಳಿಂದ ಒಬ್ಬ ಮುಸ್ಲಿಂ ಸದಸ್ಯರೂ ಆಯ್ಕೆಯಾಗಿಲ್ಲ. 2014ರಲ್ಲಿ ಉತ್ತರ ಪ್ರದೇಶದ 80 ಸ್ಥಾನಗಳಲ್ಲೂ ಅದೇ ಸೊನ್ನೆ. ಅದೇ ಚುನಾವಣೆಯಲ್ಲಿ ಬಿಎಸ್‌ಪಿಗೆ ದೇಶದಾದ್ಯಂತ ಎರಡು ಕೋಟಿಗೂ ಹೆಚ್ಚು ಮತ ಬಂತು. ಮತಗಳಿಕೆಯಲ್ಲಿ ಅದು ಮೂರನೇ ಪಕ್ಷ. ಸೀಟು? ಒಂದೂ ಇಲ್ಲ. "ನನ್ನ ತಮ್ಮ ಈಗ ಹೈಸ್ಕೂಲು. ಅವನು ಹುಟ್ಟಿದ ಮೇಲೆ ದಿಲ್ಲಿಯಲ್ಲಿ ನಮ್ಮ ರಾಜ್ಯದ ಸಾಲಿನಲ್ಲಿ ನಮ್ಮಂಥೋರ ಹೆಸರು ಒಂದೂ ಓದಿಲ್ಲ. ಅದಕ್ಕೆ ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋಕೂ ಆಗಲ್ಲ, ಯಾಕಂದ್ರೆ ಯಾರೂ ಕಾನೂನು ಮುರಿದಿಲ್ಲ" ಅಂದಳು. ಆ ಕೊನೇ ಮಾತು ನನಗೆ ಇವತ್ತಿಗೂ ಕೊರೆಯುತ್ತೆ. ಕಾನೂನು ಮುರಿಯದೆ, ಮೋಸ ಮಾಡದೆ, ಬರೀ ಲೆಕ್ಕದ ವಿಧಾನದಿಂದಲೇ ಒಂದು ಸಮುದಾಯ ಸದನದಿಂದ ಮಾಯವಾಗಬಹುದು.

ಎಡಪಕ್ಷಗಳಿಗೆ ಈ ಲೆಕ್ಕದ ಪರಿಚಯ ಮೊದಲ ಚುನಾವಣೆಯಿಂದಲೇ ಇದೆ. 1951-52ರಲ್ಲಿ ಸೋಷಲಿಸ್ಟ್ ಪಕ್ಷಕ್ಕೆ ಶೇ. 10.6ರಷ್ಟು ಮತ ಬಂತು, 489ರಲ್ಲಿ 12 ಸೀಟು. ಕಮ್ಯುನಿಸ್ಟ್ ಪಕ್ಷಕ್ಕೆ ಶೇ. 3.3 ಮತ, 16 ಸೀಟು! ಮೂರು ಪಟ್ಟು ಕಡಿಮೆ ಮತ, ಆದರೂ ಹೆಚ್ಚು ಸೀಟು. ಯಾಕೆ? ಸೋಷಲಿಸ್ಟರ ಮತ ದೇಶದ ತುಂಬ ತೆಳ್ಳಗೆ ಹರಡಿತ್ತು. ಕಮ್ಯುನಿಸ್ಟರ ಮತ ಮದ್ರಾಸ್, ಪಶ್ಚಿಮ ಬಂಗಾಳ, ತ್ರಿಪುರಾದಂಥ ಕೆಲವೇ ಕಡೆ ಗಟ್ಟಿಯಾಗಿ ಕೂತಿತ್ತು. ಒಂದೇ ಲೀಟರ್ ನೀರು ತಟ್ಟೆಯಲ್ಲಿದ್ದರೆ ಪಾದ ಮುಳುಗಲ್ಲ, ಕೊಳವೆಯಲ್ಲಿದ್ದರೆ ಒಂದು ಮೀಟರ್ ಎತ್ತರ. ಚದುರಿ ಬದುಕೋ ಅಲ್ಪಸಂಖ್ಯಾತರ ಪಾಡು ತಟ್ಟೆಯ ನೀರಿನ ಪಾಡು.

ಇಷ್ಟು ಕೇಳಿ ಕಾಸರಗೋಡಿನ ಸೀನಿಯರ್ ನಕ್ಕರು. "ನಮ್ಮೋರ ಪ್ರಣಾಳಿಕೆಗಳಲ್ಲಿ ಅನುಪಾತ ಪ್ರಾತಿನಿಧ್ಯ ಬೇಕು ಅಂತ ಇದೆ. ಸರಿ. ಆದ್ರೆ 2006ರಲ್ಲಿ ಬಂಗಾಳದಲ್ಲಿ ಎಡರಂಗಕ್ಕೆ ಹತ್ತಿರ ಹತ್ತಿರ ಅರ್ಧ ಮತಕ್ಕೆ 294ರಲ್ಲಿ 235 ಸೀಟು ಬಂದಾಗ ಯಾರಾದ್ರೂ ವಾಪಸ್ ಕೊಟ್ರಾ?" ಅಂದರು. ಯಾರೂ ಕೊಡಲಿಲ್ಲ. 2011ರಲ್ಲಿ ಅದೇ ರಂಗಕ್ಕೆ ಶೇ. 41ರ ಹತ್ತಿರ ಮತ ಬಂದು 62 ಸೀಟಿಗೆ ಇಳಿದಾಗ ಲೆಕ್ಕದ ಅನ್ಯಾಯ ಎಲ್ಲರಿಗೂ ಕಣ್ಣಿಗೆ ಬಿತ್ತು. ಪದ್ಧತಿ ಬದಲಾಯಿಸೋ ಶಕ್ತಿ ಗೆದ್ದವರ ಕೈಲಿರುತ್ತೆ, ಬದಲಾಯಿಸೋ ಆಸೆ ಸೋತವರಿಗಿರುತ್ತೆ. ಹಾಗಾಗಿ ಸುಧಾರಣೆ ಯಾವಾಗಲೂ ಮುಂದಿನ ಸೆಮಿಸ್ಟರ್‌ಗೆ ಕ್ಯಾರಿ ಓವರ್ ಆಗುತ್ತೆ. 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಈಗಿನ ಪದ್ಧತಿಯ ಜೊತೆಗೆ ಒಂದಷ್ಟು ಸ್ಥಾನಗಳನ್ನು ಪಟ್ಟಿ ಪದ್ಧತಿಯಲ್ಲಿ ತುಂಬಬೇಕು ಅಂತ ಹೇಳಿತ್ತು. ಆ ವರದಿಗೆ ಈಗ ಕಾಲು ಶತಮಾನ ದಾಟಿದೆ.

ಸೀನಿಯರ್ ಅವರ ನಿಜವಾದ ವಾದ ಬೇರೆ. ಎಣಿಕೆ ಹೇಗೇ ಇರಲಿ, ಶೇ. 5 ಇರೋರು ಶೇ. 5 ಆಗಿಯೇ ಇರ್ತಾರೆ. ಸದನದಲ್ಲಿ ನಿಮ್ಮ ಪಾಲಿನ ಸೀಟು ಸಿಕ್ಕರೂ ಮತಕ್ಕೆ ಹಾಕಿದಾಗ ಸೋಲೋದು ನೀವೇ. ಹಾಗಾಗಿ ಕೆಲವು ವಿಷಯಗಳು ಮತಕ್ಕೆ ಬರಲೇಬಾರದು. ಅದೇ ಹಕ್ಕು. ಇದನ್ನು ಅವರು ಬರೀ ಪುಸ್ತಕ ಓದಿ ಹೇಳ್ತಿರಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಅಲ್ಲಿನ ಕನ್ನಡಿಗರು ರಾತ್ರೋರಾತ್ರಿ ಭಾಷಾ ಅಲ್ಪಸಂಖ್ಯಾತರಾದರು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಮಾಡೋ ಕಾನೂನು ಬಂದಾಗ ಅಧಿಕಾರದಲ್ಲಿ ಇದ್ದದ್ದು ಎಡರಂಗವೇ. ಬೀದಿಗಿಳಿದ ಕನ್ನಡಿಗರಲ್ಲಿ ಎಡರಂಗಕ್ಕೆ ಮತ ಹಾಕಿದವರೂ ಇದ್ದರು, ಇವರ ಮನೆಯವರೂ ಇದ್ದರು. "ನಾವು ಗೆಲ್ಲಿಸಿದ ಸರ್ಕಾರದ ಎದುರೇ ನಿಂತು 350ಎ ವಿಧಿ ಅಂತ ಹೇಳ್ಬೇಕಾಯ್ತು. ಅವತ್ತು ಗೊತ್ತಾಯ್ತು, ನಮ್ಮೋರೇ ಗೆದ್ರೂ ಹಕ್ಕು ಬೇಕು ಅಂತ." ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅನ್ನೋ ಆ ವಿಧಿ ಸಂವಿಧಾನಕ್ಕೆ ಸೇರಿದ್ದೂ 1956ರಲ್ಲೇ, ರಾಜ್ಯಗಳ ಮರುವಿಂಗಡಣೆಯ ಜೊತೆಗೇ. ಗಡಿ ಎಳೆದವರಿಗೆ ಗಡಿಯ ಆಚೆ ಯಾರೋ ಉಳಿದುಹೋಗ್ತಾರೆ ಅನ್ನೋ ಪರಿಜ್ಞಾನ ಇತ್ತು.

ಮೆಕ್ಯಾನಿಕಲ್ ಗೆಳೆಯನಿಗೆ ಎರಡೂ ಸಾಲದು. "ಹಕ್ಕು ಅನ್ನೋದು ಉಳ್ಳವರ ಬೇಲಿ ಕಣ್ರೋ" ಅಂದ. ಅವನ ಮಾತಿಗೂ ಇತಿಹಾಸ ಇದೆ. ಸಂವಿಧಾನ ರಚನಾ ಸಭೆಯಲ್ಲಿದ್ದ ಏಕೈಕ ಕಮ್ಯುನಿಸ್ಟ್ ಸದಸ್ಯ, ಬಂಗಾಳದ ಸೋಮನಾಥ ಲಾಹಿರಿ. ಮೂಲಭೂತ ಹಕ್ಕುಗಳ ಕರಡನ್ನು ನೋಡಿ ಅವರು 1947ರ ಏಪ್ರಿಲ್‌ನಲ್ಲಿ ಕೊಟ್ಟ ಟೀಕೆ ಪ್ರಸಿದ್ಧ: ಇವನ್ನು ಪೊಲೀಸ್ ಕಾನ್‌ಸ್ಟೇಬಲ್ ಕಣ್ಣಿಂದ ಬರೆದ ಹಾಗಿದೆ, ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಳ್ಳೋ ಷರತ್ತುಗಳೇ ತುಂಬಿವೆ ಅನ್ನೋದು ಅದರ ಸಾರ. ಮುಂದೆ ಜಮೀನ್ದಾರಿ ರದ್ದತಿಯಿಂದ ಬ್ಯಾಂಕ್ ರಾಷ್ಟ್ರೀಕರಣದವರೆಗೆ ಸರ್ಕಾರ ಏನು ಮಾಡಹೊರಟರೂ ಉಳ್ಳವರು ಆಸ್ತಿಯ ಹಕ್ಕು ಹಿಡಿದು ಕೋರ್ಟಿಗೆ ಹೋದರು. ಹಾಗಾಗಿ ಎಡಪಂಥೀಯರಲ್ಲಿ ಬಹಳ ಜನಕ್ಕೆ ಕೋರ್ಟು, ಹಕ್ಕು ಅಂದರೆ ಒಂದು ಥರ ಅನುಮಾನ. ಸಂಸತ್ತೇ ಸರ್ವೋಚ್ಚ ಆಗಿರಲಿ, ಬಹುಮತ ಇದ್ದರೆ ಭೂಮಿ ಹಂಚಬಹುದು ಅನ್ನೋ ಲೆಕ್ಕ.

ಇಲ್ಲಿ ಇತಿಹಾಸ ಎರಡು ಸಲ ತಿರುವು ತಗೊಳ್ಳುತ್ತೆ. ಮೊದಲನೆಯದು 1950. ಸಂವಿಧಾನ ಜಾರಿಯಾದ ನಾಲ್ಕೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಎರಡು ದೊಡ್ಡ ಹಕ್ಕಿನ ಕೇಸುಗಳನ್ನು ನೋಡಿ. ಒಂದು, ವಿಚಾರಣೆ ಇಲ್ಲದೆ ಜೈಲಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರದ್ದು. ಇನ್ನೊಂದು, ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯದೊಳಗೆ ಬರದಂತೆ ತಡೆದ ಎಡಪಂಥೀಯ ವಾರಪತ್ರಿಕೆ 'ಕ್ರಾಸ್ ರೋಡ್ಸ್'ನ ರಮೇಶ್ ಥಾಪರ್ ಅವರದ್ದು. ಗೋಪಾಲನ್ ಬಹುಪಾಲು ಸೋತರು, ಥಾಪರ್ ಗೆದ್ದರು. "ಉಳ್ಳವರ ಬೇಲಿ" ಅಂತ ಬೈಸಿಕೊಂಡ ಹಕ್ಕುಗಳ ಬಾಗಿಲನ್ನು ಮೊದಲು ತಟ್ಟಿದವರಲ್ಲಿ ಎಡಪಂಥದವರೇ ಇದ್ದರು.

ಎರಡನೆಯದು ನಮ್ಮ ಸೀನಿಯರ್ ಅವರ ಊರ ಹತ್ತಿರದ್ದೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಕೋರ್ಟಿಗೆ ಹೋದರು. ಎಡಪಂಥೀಯರ ಕಣ್ಣಲ್ಲಿ ಅದು ಹಳೇ ಕಥೆಯೇ, ಮಠದ ಜಮೀನು ಉಳಿಸೋ ಕೇಸು. ಆದರೆ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರ ಅಂತರದಲ್ಲಿ ಕೊಟ್ಟ ತೀರ್ಪಿನಿಂದ ಹುಟ್ಟಿದ್ದು ಸಂವಿಧಾನದ ಮೂಲ ಸ್ವರೂಪದ ಸಿದ್ಧಾಂತ. ಸಂಸತ್ತಿನಲ್ಲಿ ಎಷ್ಟೇ ಬಹುಮತ ಇದ್ದರೂ ಸಂವಿಧಾನದ ಬುನಾದಿ ಅಲುಗಾಡಿಸೋ ಹಾಗಿಲ್ಲ. ಎರಡೇ ವರ್ಷಕ್ಕೆ ತುರ್ತುಪರಿಸ್ಥಿತಿ ಬಂತು. ಸಿಪಿಐ ಅದನ್ನು ಬೆಂಬಲಿಸಿತು, ಸಿಪಿಎಂ ವಿರೋಧಿಸಿತು. ಬಹುಮತದ ಸರ್ಕಾರ ತನಗೆ ಬೇಕಾದವರನ್ನೆಲ್ಲ ಜೈಲಿಗೆ ಹಾಕಬಹುದು ಅಂತಾದಾಗ ಬೇಲಿ ಯಾರನ್ನ ಕಾಯುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿತು. ಆಮೇಲೆ 1994ರಲ್ಲಿ ನಮ್ಮದೇ ಎಸ್.ಆರ್. ಬೊಮ್ಮಾಯಿ ಅವರ ಕೇಸಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಾತ್ಯತೀತತೆಯೂ ಆ ಬುನಾದಿಯ ಭಾಗ ಅಂದಿತು. 1959ರಲ್ಲಿ ಕೇರಳದ ಇಎಂಎಸ್ ಸರ್ಕಾರವನ್ನು ಕಿತ್ತೆಸೆದ 356ನೇ ವಿಧಿಗೂ ಆ ತೀರ್ಪಿನಿಂದಲೇ ಮೂಗುದಾರ ಬಿತ್ತು. ಮಠದ ಜಮೀನಿನ ಕೇಸಿಂದ ಹುಟ್ಟಿದ ತತ್ವ ಎಲ್ಲಿಗೆ ಬಂದು ನಿಂತಿತು ನೋಡಿ. ಹಕ್ಕು ಯಾರಿಗಾಗಿ ಹುಟ್ಟಿತು ಅನ್ನೋದಕ್ಕಿಂತ ಯಾರು ಅದನ್ನ ಬಳಸೋಕೆ ಕಲಿತರು ಅನ್ನೋದು ದೊಡ್ಡದು.

ಈಗ ನನ್ನ ಊರಿನ ಮಾತು ಹೇಳ್ತೀನಿ, ಯಾಕಂದ್ರೆ ನನಗೆ ಈ ಚರ್ಚೆ ಬರೀ ಚರ್ಚೆ ಅಲ್ಲ. ನಾನು ದಲಿತರ ಕೇರಿಯವನು. ನಮ್ಮದು ಮೀಸಲು ಕ್ಷೇತ್ರ. ಹೊರಗಿನವರು "ನಿಮ್ಮೋರೇ ಎಮ್ಮೆಲ್ಲೆ, ಇನ್ನೇನ್ ಬೇಕು" ಅಂತಾರೆ. ನಮ್ಮ ಕೇರಿಯಿಂದ ಸ್ಮಶಾನಕ್ಕೆ ಹೋಗೋ ದಾರಿ ಬೇರೆಯವರ ಹೊಲದ ಬದುವಿನ ಮೇಲಿತ್ತು. ಒಂದು ಮಳೆಗಾಲ ಅದಕ್ಕೆ ಬೇಲಿ ಬಿತ್ತು. ನನ್ನ ಅಜ್ಜಿ ಹೋದಾಗ ಹೆಣ ಹೊತ್ತವರು ಹಳ್ಳದ ಕೆಸರಲ್ಲಿ ಮೊಣಕಾಲುದ್ದ ಇಳಿದು ಸುತ್ತಿ ಹೋದರು. ಆಗ ನಾನು ಪಿಯುಸಿ. ಊರ ಹಿರಿಯರು ನಮ್ಮ ಜನಪ್ರತಿನಿಧಿಯೊಬ್ಬರ ಬಳಿ ಹೋದರು. ಅವರೂ ನಮ್ಮವರೇ. ಟೀ ಕೊಟ್ಟು ಕೂರಿಸಿ, "ನಾನು ಎಲ್ಲರ ಓಟಿಂದ ಗೆದ್ದೋನು ಕನಪ್ಪಾ, ಒಂದು ಕಡೆ ಮಾತಾಡೋಕಾಯ್ತದಾ, ನೀವೇ ಕೂತು ಬಗೆಹರಿಸ್ಕಳಿ" ಅಂದರಂತೆ. ಅವರನ್ನ ಕೆಟ್ಟವರು ಅನ್ನಲ್ಲ. ಅವರು ಸತ್ಯವನ್ನೇ ಹೇಳಿದರು. ಮೀಸಲು ಕ್ಷೇತ್ರದಲ್ಲೂ ನಾವು ಬಹುಸಂಖ್ಯಾತರಲ್ಲ. ನಿಂತವರೆಲ್ಲ ನಮ್ಮವರೇ ಆದಾಗ ಯಾರು ಗೆಲ್ಲಬೇಕು ಅಂತ ತೀರ್ಮಾನ ಮಾಡೋದು ಉಳಿದವರ ಓಟು.

1932ರಲ್ಲಿ ಅಂಬೇಡ್ಕರ್ ಅವರಿಗೆ ಇದ್ದ ಭಯ ಇದೇ. ಬ್ರಿಟಿಷರ ತೀರ್ಪಿನಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರದ 71 ಸ್ಥಾನ ಇತ್ತು. ಗಾಂಧೀಜಿ ಉಪವಾಸ ಕೂತರು. ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ ಅದು ಜಂಟಿ ಮತಕ್ಷೇತ್ರದ 148 ಮೀಸಲು ಸ್ಥಾನ ಆಯಿತು. ಸಂಖ್ಯೆ ಎರಡು ಪಟ್ಟು ಹೆಚ್ಚಿತು, ಆದರೆ ಯಾರಿಗೆ ಉತ್ತರ ಹೇಳಬೇಕು ಅನ್ನೋದು ಬದಲಾಯಿತು. ನಮ್ಮ ಸ್ಮಶಾನದ ದಾರಿ ಸಿಕ್ಕಿಹಾಕಿಕೊಂಡಿದ್ದು ಆ ಬದಲಾವಣೆಯಲ್ಲೇ ಅಂತ ನನಗೆ ಅನ್ನಿಸುತ್ತೆ. ಹಾಗಂತ ಪ್ರತ್ಯೇಕ ಮತಕ್ಷೇತ್ರ ಒಳ್ಳೇದು ಅಂತಲೂ ಸುಲಭಕ್ಕೆ ಹೇಳೋಕಾಗಲ್ಲ. ಅಲ್ಲಿ ನಮ್ಮ ಪ್ರತಿನಿಧಿ ನಮಗಷ್ಟೇ ಉತ್ತರ ಹೇಳ್ತಾರೆ, ಉಳಿದ ನೂರಾರು ಪ್ರತಿನಿಧಿಗಳು ನಮಗೆ ಉತ್ತರ ಹೇಳೋ ಅಗತ್ಯವೇ ಇರಲ್ಲ.

ಇವೆರಡರ ನಡುವೆ ಮೂರನೇ ದಾರಿ ಒಂದಿತ್ತು ಅನ್ನೋದನ್ನ ನಮ್ಮ ಪಠ್ಯಪುಸ್ತಕ ಹೇಳಿಕೊಡಲಿಲ್ಲ. 1937ರ ಬಾಂಬೆ ಪ್ರಾಂತ್ಯದ ಚುನಾವಣೆಯಲ್ಲಿ ಬಹುಸದಸ್ಯ ಕ್ಷೇತ್ರಗಳಿದ್ದವು. ಮತದಾರ ತನಗಿದ್ದ ಎಲ್ಲ ಮತಗಳನ್ನೂ ಒಬ್ಬನಿಗೇ ಹಾಕಬಹುದಿತ್ತು. ಹೀಗೆ ಒಟ್ಟುಗೂಡಿಸಿ ಹಾಕೋ ಅವಕಾಶ ಇದ್ದರೆ ಸಣ್ಣ ಗುಂಪೂ ಬೇರೆಯವರ ಹಂಗಿಲ್ಲದೆ ಒಬ್ಬರನ್ನು ಗೆಲ್ಲಿಸಬಹುದು. ಅಂಬೇಡ್ಕರ್ ಹಿಂದಿನ ವರ್ಷವಷ್ಟೇ ಕಟ್ಟಿದ್ದ ಸ್ವತಂತ್ರ ಕಾರ್ಮಿಕ ಪಕ್ಷ ಹತ್ತಕ್ಕೂ ಹೆಚ್ಚು ಸ್ಥಾನ ಗೆದ್ದಿತು. ಮರುವರ್ಷ, 1938ರ ನವೆಂಬರ್‌ನಲ್ಲಿ, ಕಾರ್ಮಿಕರ ಮುಷ್ಕರದ ಹಕ್ಕನ್ನು ಕಿತ್ತುಕೊಳ್ಳೋ ಮಸೂದೆಯ ವಿರುದ್ಧ ಅದೇ ಪಕ್ಷ ಕಮ್ಯುನಿಸ್ಟರ ಜೊತೆ ಸೇರಿ ಬಾಂಬೆಯಲ್ಲಿ ದೊಡ್ಡ ಮುಷ್ಕರ ನಡೆಸಿತು. ಜಾತಿಯ ಪ್ರಾತಿನಿಧ್ಯ ಕೇಳಿದರೆ ವರ್ಗ ಒಡೆಯುತ್ತೆ ಅನ್ನೋ ನಮ್ಮ ಮೆಕ್ಯಾನಿಕಲ್ ಗೆಳೆಯನಿಗೆ ನಾನು ಕೊಟ್ಟ ಉತ್ತರ ಇದೇ. ತನ್ನದೇ ಕಾಲ ಮೇಲೆ ನಿಂತು ಗೆದ್ದವರು ವರ್ಗದ ಹೋರಾಟಕ್ಕೆ ಬಂದರು. ಬೇರೆಯವರ ಕೃಪೆಯಿಂದ ಗೆದ್ದವರಿಗೆ ಬರೋಕೆ ಧೈರ್ಯ ಇರಲ್ಲ.

ಸ್ವಾತಂತ್ರ್ಯದ ನಂತರ ಈ ದಾರಿ ಮುಚ್ಚಿದ್ದು ಹೇಗೆ ಅನ್ನೋದೂ ನೋಡಬೇಕು. 1949ರ ಜನವರಿ 4ರಂದು ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಇಂಥದ್ದೇ ಒಟ್ಟುಗೂಡಿಸಿ ಹಾಕೋ ಮತದ ಅನುಪಾತ ಪದ್ಧತಿಗೆ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅನುಪಾತ ಪದ್ಧತಿಗೆ ಓದುಬರಹ ಬಲ್ಲ ಮತದಾರರು ಬೇಕು, ಸದನ ಸಣ್ಣ ಸಣ್ಣ ಗುಂಪುಗಳಾಗಿ ಒಡೆದರೆ ಸರ್ಕಾರ ನಿಲ್ಲಲ್ಲ ಅನ್ನೋದು ಅವರ ಕಾರಣ. 1951ರ ಗಣತಿಯಲ್ಲಿ ಸಾಕ್ಷರತೆ ಶೇ. 18ರ ಹತ್ತಿರ ಇತ್ತು, ಮಾತು ನಿಜವೇ. ಅಲ್ಲದೆ ಆಗಿನ ಕರಡಿನಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೂ ಮೀಸಲು ಸ್ಥಾನಗಳಿದ್ದವು. ಐದು ತಿಂಗಳಿಗೆ, ಅದೇ ಮೇ ತಿಂಗಳಲ್ಲಿ, ಆ ಮೀಸಲು ಸ್ಥಾನಗಳನ್ನು ಕೈಬಿಟ್ಟರು. ಬೇಗಂ ಐಜಾಜ್ ರಸೂಲ್ ಅವರಂಥ ಅಲ್ಪಸಂಖ್ಯಾತ ಸದಸ್ಯರೇ ಅದನ್ನು ಬೆಂಬಲಿಸಿದ್ದರು, ಬಹುಸಂಖ್ಯಾತರ ಮೇಲೆ ನಂಬಿಕೆ ಇಟ್ಟು. ಜನವರಿಯಲ್ಲಿ ಒಂದು ಬಾಗಿಲು, ಮೇನಲ್ಲಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಾರಣ ಇತ್ತು, ಒಟ್ಟು ಫಲಿತಾಂಶವನ್ನು ಯಾರೂ ಕೂತು ಕೂಡಿಸಲಿಲ್ಲ. ಸಿವಿಲ್ ಗೆಳತಿ ಹೇಳಿದ ಸೊನ್ನೆ ಅಲ್ಲಿಂದ ಬಂದಿದ್ದು. ಇನ್ನೊಂದು ತಮಾಷೆ: ರಾಷ್ಟ್ರಪತಿ ಚುನಾವಣೆಗೆ, ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕೋದು ಅನುಪಾತದ, ಪ್ರಾಶಸ್ತ್ಯದ ಪದ್ಧತಿಯಲ್ಲೇ. ಅವರಿಗೆ ಆಗೋ ಲೆಕ್ಕ ನಮಗೆ ಮಾತ್ರ ಕಷ್ಟ.

ಹಾಗಾದ್ರೆ ನಾಳೆಯೇ ಬದಲಾಯಿಸೋಣ ಅಂತೀರಾ? ಸ್ವಲ್ಪ ತಡೀರಿ. ಪಕ್ಕದ ನೇಪಾಳ ನೋಡಿ. 2015ರ ಸಂವಿಧಾನದ ಪ್ರಕಾರ ಅಲ್ಲಿನ ಕೆಳಮನೆಯ 275 ಸ್ಥಾನಗಳಲ್ಲಿ 165 ನಮ್ಮ ಥರ, 110 ಪಟ್ಟಿ ಪದ್ಧತಿ. ಆ ಪಟ್ಟಿಯಲ್ಲಿ ದಲಿತ, ಜನಜಾತಿ, ಮಧೇಶಿ, ಮಹಿಳೆಯರಿಗೆ ಪಾಲು ಕಡ್ಡಾಯ. ನೇರ ಸ್ಪರ್ಧೆಯಲ್ಲಿ ಬೆರಳೆಣಿಕೆಯಷ್ಟು ಮಹಿಳೆಯರು ಗೆದ್ದರೂ ಸದನದಲ್ಲಿ ಅವರ ಸಂಖ್ಯೆ ಮೂರರಲ್ಲಿ ಒಂದರ ಹತ್ತಿರ ಬರೋದು ಈ ಪಟ್ಟಿಯಿಂದ. ಆದರೆ ಪಟ್ಟಿ ಬರೆಯೋದು ಯಾರು? ಪಕ್ಷದ ನಾಯಕರು. ಪಟ್ಟಿಯಿಂದ ಬಂದವರು ನಾಯಕನಿಗೆ ಉತ್ತರ ಹೇಳ್ತಾರೆ, ಕೇರಿಗಲ್ಲ. ನಮ್ಮ ಹಿರಿಯರಿಗೆ ಟೀ ಕೊಡೋರೂ ಆಗ ಇರಲ್ಲ. ಅನುಪಾತ ಪದ್ಧತಿಗೆ ಕನಿಷ್ಠ ಮತದ ಮಿತಿ ಹಾಕಿದರೆ ಅದೇ ಸಣ್ಣ ಸಮುದಾಯಗಳನ್ನು ಹೊರಗಿಡಬಹುದು. ಜರ್ಮನಿಯಲ್ಲಿ ಶೇ. 5ರ ಮಿತಿ ಇದೆ, ಆದರೆ ರಾಷ್ಟ್ರೀಯ ಅಲ್ಪಸಂಖ್ಯಾತರ ಪಕ್ಷಗಳಿಗೆ ಆ ಮಿತಿಯಿಂದ ವಿನಾಯಿತಿ. ಹಾಗಾಗಿಯೇ 2021ರಲ್ಲಿ ಡೇನಿಷ್ ಮತ್ತು ಫ್ರೀಸಿಯನ್ ಅಲ್ಪಸಂಖ್ಯಾತರ ಪಕ್ಷಕ್ಕೆ ಅಲ್ಲಿನ ಸಂಸತ್ತಿನಲ್ಲಿ ಒಂದು ಸೀಟು ಸಿಕ್ಕಿತು. ಡಿಸೈನ್ ಅನ್ನೋದು ಇಷ್ಟು ಸೂಕ್ಷ್ಮ. ಸ್ಪೆಸಿಫಿಕೇಶನ್‌ನಲ್ಲಿ ಒಂದು ಸಾಲು ಬಿಟ್ಟರೆ ಒಂದು ಸಮುದಾಯವೇ ಬಿಟ್ಟುಹೋಗುತ್ತೆ.

ದುಡ್ಡಿನ ಮಾತು ಬಿಟ್ಟರೆ ಮೆಕ್ಯಾನಿಕಲ್‌ನವನು ಸುಮ್ಮನಿರಲ್ಲ, ಬಿಡಲೂಬಾರದು. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹಿರಿಯ ಕಮ್ಯುನಿಸ್ಟ್ ನಾಯಕ ಇಂದ್ರಜಿತ್ ಗುಪ್ತ ನೇತೃತ್ವದ ಸಮಿತಿ ಚುನಾವಣೆಗೆ ಸರ್ಕಾರವೇ ನೆರವು ಕೊಡಬೇಕು ಅಂತ 1998ರಲ್ಲೇ ಹೇಳಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿತು. ಅರ್ಜಿದಾರರಲ್ಲಿ ಸಿಪಿಎಂ ಕೂಡ ಇತ್ತು, ತೀರ್ಪು ನಿಂತಿದ್ದು ಮತದಾರನ ಮಾಹಿತಿ ಹಕ್ಕಿನ ಮೇಲೆ, ಅಂದರೆ 19ನೇ ವಿಧಿಯ ಮೇಲೆ. ಇಲ್ಲಿ ಮೂವರ ವಾದವೂ ಒಂದೇ ಕಡೆ ಬಂದು ಸೇರಿತು: ವರ್ಗದ ಪ್ರಶ್ನೆ, ಚುನಾವಣೆಯ ಸುಧಾರಣೆ, ಸಂವಿಧಾನದ ಹಕ್ಕು. ಅಪರೂಪಕ್ಕೆ ಕಲ್ಲುಬೆಂಚಿನಲ್ಲಿ ಅವತ್ತು ಜಗಳ ಇರಲಿಲ್ಲ.

ನನ್ನ ನಿಲುವು ಹೇಳಿಬಿಡ್ತೀನಿ. ಹಕ್ಕು ಮೊದಲು, ಎಣಿಕೆ ಆಮೇಲೆ, ಆದರೆ ಎರಡೂ ಬೇಕು. ನಮ್ಮ ಸ್ಮಶಾನದ ದಾರಿ ಕೊನೆಗೆ ಬಿಡಿಸಿದ್ದು ಓಟು ಅಲ್ಲ. ಊರಿನ ಇಬ್ಬರು ಹುಡುಗರು ಹಳೇ ನಕ್ಷೆ ಹುಡುಕಿ, ಅರ್ಜಿ ಬರೆದು, 17ನೇ ವಿಧಿಯನ್ನೂ ದೌರ್ಜನ್ಯ ತಡೆ ಕಾಯ್ದೆಯನ್ನೂ ಹೆಸರಿಸಿ ತಾಲ್ಲೂಕು ಕಚೇರಿಗೆ ಕೊಟ್ಟರು. ಹದಿನಾಲ್ಕು ತಿಂಗಳು ಹಿಡಿಯಿತು. ಹಕ್ಕು ಇದ್ದದ್ದಕ್ಕೆ ದಾರಿ ಬಂತು. ಆದರೆ ಹದಿನಾಲ್ಕು ತಿಂಗಳು ಹಿಡಿದದ್ದು ನಮ್ಮ ಪರ ಒಂದು ಫೋನ್ ಮಾಡೋಕೆ ಯಾವ ಪ್ರತಿನಿಧಿಗೂ ಧೈರ್ಯ ಇಲ್ಲದ್ದಕ್ಕೆ. ಹಕ್ಕು ನೆಲದ ಕೆಳಗಿನ ಅರ್ಥಿಂಗ್ ಇದ್ದ ಹಾಗೆ, ಶಾಕ್ ಹೊಡೆದು ಸಾಯದಂತೆ ಕಾಯುತ್ತೆ. ಬಲ್ಬು ಉರಿಯಬೇಕಾದರೆ ಕರೆಂಟು ಬೇರೆ ಬೇಕು. ಆ ಕರೆಂಟು ಪ್ರಾತಿನಿಧ್ಯ.

ಎಣಿಕೆಯ ಬದಲಾವಣೆಯನ್ನು ದಿಲ್ಲಿಯಿಂದ ಶುರು ಮಾಡಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಒಂದು ಕ್ಷೇತ್ರದಿಂದ ಇಬ್ಬರು, ಮೂವರು ಆಯ್ಕೆಯಾಗೋದು ಸಾಮಾನ್ಯ. ಎಷ್ಟು ಸ್ಥಾನವೋ ಅಷ್ಟು ಮತ ನಮ್ಮ ಕೈಲಿರುತ್ತೆ, ಆದರೆ ಒಬ್ಬರಿಗೆ ಒಂದೇ ಹಾಕಬೇಕು. ಬೇಕಾದರೆ ಮೂರೂ ಮತವನ್ನು ಒಬ್ಬರಿಗೇ ಹಾಕಬಹುದು ಅಂತ ನಿಯಮದಲ್ಲಿ ಒಂದು ಸಾಲು ಬದಲಾದರೆ 1937ರ ಬಾಂಬೆಯ ಪ್ರಯೋಗ ನಮ್ಮ ಹಳ್ಳಿಗೆ ಬಂದಂತೆ. ಪಟ್ಟಿ ಬರೆಯೋ ನಾಯಕ ಬೇಕಿಲ್ಲ, ಕೇರಿಯ ಪರಿಚಯ ತಪ್ಪಲ್ಲ, ಹೊಸ ಯಂತ್ರವೂ ಬೇಕಾಗಲಿಕ್ಕಿಲ್ಲ. ಕೆಲಸ ಮಾಡಿದರೆ ಮೇಲಕ್ಕೆ ಒಯ್ಯೋಣ, ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ನೋಡೋಣ. ಇಂಜಿನಿಯರಿಂಗ್ ಕಾಲೇಜಿನವರಿಗೆ ಇದಕ್ಕಿಂತ ಒಳ್ಳೆ ಪ್ರೊಟೊಟೈಪ್ ಎಲ್ಲಿ ಸಿಗುತ್ತೆ? ನಮ್ಮ ಕನ್ನಡ ಸಂಘದ ಕಾರ್ಯಕಾರಿ ಸಮಿತಿಗೆ ಏಳು ಸ್ಥಾನ ಇದೆ. ಪ್ರತಿ ವರ್ಷ ಒಂದೇ ಬ್ರಾಂಚಿನವರು ಏಳನ್ನೂ ಗುಡಿಸಿಕೊಂಡು ಹೋಗ್ತಾರೆ ಅಂತ ಗೊಣಗೋರು ಬಹಳ ಜನ. ಈ ಸಲ ನಿಯಮ ಬದಲಾಯಿಸಿ ಎಣಿಸಿ ನೋಡೋಣ ಅಂತ ನಾವು ನಾಲ್ವರೂ ಸಹಿ ಮಾಡಿ ಪ್ರಸ್ತಾಪ ಕೊಟ್ಟಿದ್ದೀವಿ.

ಆ ಕಾಗದದ ಕೆಳಗೆ ಇನ್ನೂ ಜಾಗ ಇದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪದಿದ್ದರೆ ಸಂಜೆ ಐದೂವರೆಗೆ ಕಲ್ಲುಬೆಂಚಿಗೆ ಬನ್ನಿ. ಚಹಾ ನಮ್ಮದು, ಜಗಳ ನಿಮ್ಮದು.